ಒಂದು ಮಗ್ಗಕ್ಕೆ ಒಂದು ರಕ್ತ

ನೆಗಮಂ ಮೇಲ್ಬೀದಿ ನೇಕಾರರ ಸಂಘದಲ್ಲಿ ಸದಸ್ಯರೆಂದರೆ ಮನುಷ್ಯರಲ್ಲ, ಮಗ್ಗಗಳು. ಗಂಡ ನೆಯ್ದರೂ ಹೆಂಡತಿ ನೂಲು ಸುತ್ತಿದರೂ ಸೊಸೆ ಎಳೆ ಕತ್ತರಿಸಿದರೂ ಸಂಘದ ಕಣ್ಣಿಗೆ ಒಂದೇ ಮಗ್ಗ, ಒಂದೇ ಕೂಲಿ, ದೀಪಾವಳಿಗೆ ಒಂದೇ ಡಬ್ಬಿ ಮಿಠಾಯಿ. ಆದ್ದರಿಂದ ಮೂರು ತಿಂಗಳ ಸಕ್ಕರೆಯ ಬಂಡವಾಳವನ್ನೆಲ್ಲ ಬಯಲು ಮಾಡುವ ಎಚ್‌ಬಿಎ1ಸಿ ಪರೀಕ್ಷೆಯ ಶಿಬಿರ ನಡೆದಾಗ, ಮಗ್ಗವೊಂದಕ್ಕೆ ಒಂದು ರಕ್ತ ಎಂದು ಸಂಘವು ಪ್ರಕಟಿಸಿದ್ದರಲ್ಲಿ ವಿಶೇಷವೇನಿರಲಿಲ್ಲ.

ನೇಕಾರ ಕೃಷ್ಣಸಾಮಿಗೆ ಸಕ್ಕರೆ ಕಾಯಿಲೆ. ಕಾಲಿನ ಹುಣ್ಣು ಆರುತ್ತಲೇ ಇರಲಿಲ್ಲ. ಹೋಗಬೇಕಾದವನು ಅವನೇ. ಆದರೆ ಫಲಿತಾಂಶವನ್ನು ಸಂಘದ ಹಲಗೆಯ ಮೇಲೆ ಬರೆಯುತ್ತಾರಲ್ಲ! ಹೆಂಡತಿ ಸೆಲ್ಲಮ್ಮ ಮಾನದ ಬಗ್ಗೆ ಯೋಚಿಸಿದಳು.

"ನಿಮ್ ರಕ್ತ ಕೊಟ್ರೆ ಬೀದೀಲಿ ಮಾನ ಹೋಗ್ತದೆ. ನಮ್ ವಿನೋದಿನಿ ಕೊಡ್ಲಿ."

ಕಡ್ಡಿಯಂತಿದ್ದ ಸೊಸೆ ಕೈ ಚಾಚಿದಳು. ಅಂಕ 5.1 ಬಂತು. ಇಡೀ ಮಗ್ಗ ಆರೋಗ್ಯವಾಗಿದೆಯೆಂದು ಘೋಷಿಸಿದ ಸಂಘವು ಕೃಷ್ಣಸಾಮಿಗೆ ಅದುವರೆಗೆ ಕೊಡುತ್ತಿದ್ದ ಉಚಿತ ಮಾತ್ರೆಯನ್ನು ನಿಲ್ಲಿಸಿತು.

ಅವನು ಕುಂಟುತ್ತಾ ಕಾರ್ಯದರ್ಶಿ ನಟರಾಜನ್ ಬಳಿ ಹೋದ.

"ಸಾರ್, ಹುಣ್ಣು ನನ್ ಕಾಲಲ್ಲಿ ಅದೆ."

"ಇರ್ಬೌದು. ಆದ್ರೆ ನಿಮ್ ಮಗ್ಗಕ್ಕೆ ಶುಗರ್ ಇಲ್ಲ. ಇಲ್ದಿರೋ ಕಾಯಿಲೆಗೆ ಮಾತ್ರೆ ಹೆಂಗೆ ಕೊಡ್ಲಿ?"

"ನನ್ ರಕ್ತ ಒಂದ್ಸಲ ನೋಡಿ ಸಾರ್."

"ಆಮೇಲೆ ಎಲ್ರೂ ತಮ್ತಮ್ ರಕ್ತನೇ ತೋರಿಸ್ತೀನಿ ಅಂತಾರೆ. ಸಂಘ ನಡೀಬೇಕಾ ಬೇಡ್ವಾ?"

ಆದರೂ ಸಂಘಕ್ಕೆ ಕರುಳಿದೆ. ವಿಶೇಷ ಸಭೆ ಸೇರಿ, ಹುಣ್ಣು ಆರುವ ತನಕ ಸದರಿ ಮಗ್ಗವು ಪಥ್ಯ ಮಾಡತಕ್ಕದ್ದೆಂದೂ, ರಕ್ತ ಕೊಟ್ಟವರೇ ಪಥ್ಯವನ್ನೂ ಮಾಡತಕ್ಕದ್ದೆಂದೂ ತೀರ್ಮಾನಿಸಿತು. ಅಂದಿನಿಂದ ವಿನೋದಿನಿ ಹಾಗಲಕಾಯಿ ತಿಂದಳು, ಪೊಳ್ಳಾಚಿ ರಸ್ತೆಯಲ್ಲಿ ಬಿರಬಿರನೆ ನಡೆದಳು, ಒಂದು ಬೆಳಗ್ಗೆ ತಲೆಸುತ್ತಿ ಬಿದ್ದಳು. ಪಾಪ, ಎಂದು ಮನೆಯವರಿಗೆ ಅನ್ನಿಸದೆ ಇರಲಿಲ್ಲ. ಅವಳ ಪಾಲಿನ ಪಾಯಸ ಹಾಳಾಗಬಾರದೆಂದು ಮಾವನೇ ಕುಡಿಯುತ್ತಿದ್ದ.

ಮುಂದಿನ ಶಿಬಿರದಲ್ಲಿ ಅಂಕ ಇನ್ನೂ ಇಳಿದು, ಅತ್ಯುತ್ತಮ ಹತೋಟಿಯ ಮಗ್ಗವೆಂಬ ಪ್ರಶಸ್ತಿ ಬಂತು. ಅಷ್ಟರಲ್ಲಿ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಕೃಷ್ಣಸಾಮಿಯ ಹುಣ್ಣಿನ ಕಾಲೊಂದನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಮಗ್ಗ ಅವನ ಹೆಸರಿನಲ್ಲಿದ್ದುದರಿಂದ ಅವನನ್ನೇ ಕುರ್ಚಿಸಮೇತ ವೇದಿಕೆಗೆ ಹೊತ್ತು ತಂದು, ಶಾಲು ಹೊದಿಸಿ, ಬಾಯಿಗೆ ಮೈಸೂರುಪಾಕು ಇಟ್ಟರು.

"ಇನ್ ಮಗ್ಗ ಯಾರು ತುಳೀತಾರೆ?" ಎಂದು ನಟರಾಜನ್ ಕಾಳಜಿಯಿಂದ ಕೇಳಿದರು.

ಕೃಷ್ಣಸಾಮಿ ಹೆಂಡತಿಯನ್ನೂ ಸೊಸೆಯನ್ನೂ ನೋಡಿ, ಮನಸ್ಸಿನಲ್ಲೇ ಎಣಿಸಿದ.

"ನಮ್ ಮಗ್ಗಕ್ಕೆ ಇನ್ನೂ ಐದ್ ಕಾಲು ಅದೆ ಸಾರ್," ಎಂದ ಹೆಮ್ಮೆಯಿಂದ.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.