ಫೇರಿ ಗಾಡ್‌ಮದರ್ ಮತ್ತು ಹಾರಿಹೋದ ಸೌತೆಕಾಯಿ

ಯಾರಾದರೂ ನನ್ನನ್ನು ಹೊಗಳಿದರೆ ನನಗೆ ಮೊದಲು ನೆನಪಾಗುವುದು ನನ್ನ ಪಾತ್ರೆಗಳು. ಹೊಗಳಿಕೆಯ ಹಿಂದೆಯೇ ಒಂದು ಪಾತ್ರೆ ಮನೆ ಬಿಟ್ಟು ಹೋಗುತ್ತದೆ ಎಂಬುದು ಈ ಮಾದಾಪುರದಲ್ಲಿ ಸಂಸಾರ ಮಾಡಿ ನಾನು ಕಲಿತ ಪಾಠ. ‘ನಿಮ್ಮಂಥವರು ಯಾರಿದ್ದಾರೆ ಅಕ್ಕ’ ಅಂದರೆ ಇಡ್ಲಿ ಪಾತ್ರೆ. ‘ನೀವಿಲ್ಲದಿದ್ದರೆ ನಮ್ಮ ಗತಿ ಏನು’ ಅಂದರೆ ದೊಡ್ಡ ಕುಕ್ಕರ್. ಅದು ಹೋಗುವಾಗ ಗ್ಯಾಸ್ಕೆಟ್ ಸಮೇತ ಹೋಗುತ್ತದೆ, ಬರುವಾಗ ಒಂಟಿಯಾಗಿ ಬರುತ್ತದೆ. ಇರಲಿ, ಕುಕ್ಕರಾದರೂ ಬಂತಲ್ಲ, ದೇವರು ದೊಡ್ಡವನು. ಆದರೆ ಈಚೆಗೆ ನನಗೊಂದು ಹೊಸ ಹೊಗಳಿಕೆ ಅಂಟಿಕೊಂಡಿದೆ. ಅದು ತರಿಸಿದ ಸಿಟ್ಟು ದೇವರ ಮುಂದೆ ಕಣ್ಣು ಮುಚ್ಚಿ ಕೂತರೂ ಇಳಿಯುತ್ತಿಲ್ಲ.

ಪಕ್ಕದ ಬಾಡಿಗೆ ಮನೆಯ ಶ್ವೇತಾ ಇಂಗ್ಲಿಷ್ ಮೀಡಿಯಂ ಶಾಲೆಯ ಟೀಚರ್. ಹುಡುಗಿ ಒಳ್ಳೆಯವಳೇ. ಒಂದು ದಿನ ನನ್ನ ಕೊಡೆಯನ್ನು ಬಿಡಿಸುತ್ತಾ, “ಆಂಟಿ, ನೀವು ನಮ್ಮ ಫೇರಿ ಗಾಡ್‌ಮದರ್” ಅಂದಳು. ಹಾಗಂದರೆ ಎಂಥದು ಎಂದು ಕೇಳಿದೆ. ಮೆಟ್ಟಿಲ ಮೇಲೆ ನಿಂತೇ ಕಥೆ ಹೇಳಿದಳು. ಒಲೆಯ ಬೂದಿ ಬಾಚುತ್ತಿದ್ದ ತಬ್ಬಲಿ ಹುಡುಗಿ, ಅರಮನೆಯಲ್ಲಿ ಔತಣ, ಉಡಲು ಬಟ್ಟೆಯಿಲ್ಲ. ಎಲ್ಲಿಂದಲೋ ಒಬ್ಬ ದೇವತೆಯಂಥ ಹೆಂಗಸು ಬಂದು ಕುಂಬಳಕಾಯಿಯನ್ನೇ ಗಾಡಿ ಮಾಡಿ, ಹರಕು ಬಟ್ಟೆಯನ್ನು ಜರತಾರಿ ಮಾಡಿ ಕಳಿಸಿದಳು. ರಾಜಕುಮಾರ ಮದುವೆಯಾದ.

“ಕಷ್ಟದಲ್ಲಿದ್ದಾಗ ಬಂದು ಕೇಳಿದ್ದೆಲ್ಲ ಕೊಡ್ತಾರಲ್ಲ, ಅಂಥವರಿಗೆ ಈಗ ಎಲ್ರೂ ಹಾಗೇ ಹೇಳೋದು ಆಂಟಿ.”

“ಮದುವೆಗೆ ಅವಳನ್ನು ಕರೆದರಾ?”

“ಯಾರನ್ನ?”

“ಗಾಡಿ ಮಾಡಿಕೊಟ್ಟವಳನ್ನು.”

“ಕಥೇಲಿ ಅದೆಲ್ಲ ಬರೋಲ್ಲ ಆಂಟಿ” ಎಂದು ಶ್ವೇತಾ ಕೊಡೆ ಸಮೇತ ಹೊರಟಳು.

ನನಗೆ ಉರಿದದ್ದು ಅಲ್ಲೇ. ಆ ಹೆಂಗಸಿಗೆ ಕಾಲುನೋವಿತ್ತೋ, ಊಟ ಆಗಿತ್ತೋ, ಮನೆಯಲ್ಲಿ ಹಾಲು ಉಕ್ಕುತ್ತಿತ್ತೋ, ಯಾರೂ ಕೇಳಿಲ್ಲ. ಒಂದು ಲೋಟ ಕಾಫಿ ಕೊಟ್ಟದ್ದೂ ಕಥೆಯಲ್ಲಿಲ್ಲ. ಬಾ, ಕೊಡು, ಮಾಯವಾಗು. ಕೊಡುವವಳನ್ನು ದೇವತೆ ಎಂದು ಕರೆದುಬಿಟ್ಟರೆ ಕೂರಲು ಮಣೆ ಹಾಕುವ ಕೆಲಸವೂ ತಪ್ಪುತ್ತದೆ ಎಂದು ಕಾಣುತ್ತದೆ. ಅದೂ ಅಲ್ಲದೆ, ಬೆಳಿಗ್ಗೆ ಸಂಜೆ ದೀಪ ಹಚ್ಚಿ ತಪ್ಪಾಯ್ತು ಎನ್ನುವ ನನ್ನಂಥವಳನ್ನು ಒಂದು ಕೊಡೆಗೋಸ್ಕರ ದೇವತೆ ಮಾಡುವುದೆಂದರೇನು?

ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಹೆಂಡತಿ ಲಿಲ್ಲಿಯ ಹತ್ತಿರ ಇದನ್ನು ತೋಡಿಕೊಂಡೆ. ಅವಳು ಮಂಗಳೂರು ಕಡೆಯವಳು, ಚರ್ಚಿಗೆ ಹೋಗುವವಳು, ಇಂಥದ್ದರಲ್ಲಿ ತಿಳಿದವಳು. “ಗಾಡ್‌ಮದರ್ ಅಂದ್ರೆ ಸುಮ್ನೆ ಅಲ್ಲ ಅಕ್ಕ. ನಮ್ಮಲ್ಲಿ ಮಗುವಿಗೆ ಹೆಸರಿಡುವಾಗ ಎತ್ತಿಕೊಳ್ಳೋಳು ಅವಳೇ. ಕ್ರಿಸ್ಮಸ್‌ಗೆ ಕುಸ್ವಾರ್ ತಿಂಡಿ ಮಾಡಿದ್ರೆ ಮೊದಲ ತಟ್ಟೆ ಅವಳ ಮನೆಗೆ ಹೋಗ್ಬೇಕು. ಹೋಗದಿದ್ರೆ ಅವಳು ಬಂದು ಬೈಬಹುದು, ಆ ಹಕ್ಕು ಉಂಟು.” ನನ್ನ ಸಿಟ್ಟು ದುಪ್ಪಟ್ಟಾಯಿತು. ಹಾಗಾದರೆ ಶ್ವೇತಾ ನನಗೆ ಹೆಸರು ಮಾತ್ರ ಕೊಟ್ಟು ತಟ್ಟೆಯನ್ನೂ ಬೈಯುವ ಹಕ್ಕನ್ನೂ ತಾನೇ ಇಟ್ಟುಕೊಂಡಿದ್ದಾಳೆ.

ಹೀಗಿರುವಾಗ ತುಲಾ ಸಂಕ್ರಮಣ ಬಂತು. ತಲಕಾವೇರಿಯಲ್ಲಿ ತೀರ್ಥ ಉಕ್ಕಿದ ಮರುದಿನ ಬೆಳಿಗ್ಗೆ ನಮ್ಮ ಕಡೆ ಕಣಿಪೂಜೆ. ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಹೂ ಮುಡಿಸಿ, ಕರಿಮಣಿ ಹಾಕಿ ತಟ್ಟೆಯಲ್ಲಿಟ್ಟರೆ ಅದೇ ಕಾವೇರಮ್ಮ. ಅವರ ಕುಂಬಳಕಾಯಿ ಬರೀ ಗಾಡಿಯಾಯಿತು, ನಮ್ಮ ಸೌತೆಕಾಯಿ ತಾಯಿಯೇ ಆಗುತ್ತಾಳೆ. ತೆಂಗಿನಕಾಯಿ ಇಡುವ ಮನೆಗಳೂ ಇವೆ. ನಮ್ಮಲ್ಲಿ ಸೌತೆಕಾಯಿಯೇ ಆಗಬೇಕು, ಅದಕ್ಕೆ ಅತ್ತೆಯ ಕರಿಮಣಿ ಸರವನ್ನೇ ಹಾಕಬೇಕು. ಅತ್ತೆ ಕೊನೆಗಾಲದಲ್ಲಿ ಆ ಸರವನ್ನು ನನ್ನ ಕೈಯಲ್ಲಿಟ್ಟು, “ಇದು ತಪ್ಪಬಾರದು ನೋಡು” ಅಂದಿದ್ದರು. ಬೇರೆ ಏನನ್ನೂ ಅವರು ನನ್ನಿಂದ ಕೇಳಿದವರಲ್ಲ.

ಈ ಸಲ ಹಿತ್ತಲ ಸೌತೆ ಚಪ್ಪರ ಚೆನ್ನಾಗಿ ಬಿಟ್ಟಿತ್ತು. ಕಾಡುಹಂದಿ ಬುಡದವರೆಗೆ ಬಂದು ಏನೂ ಮಾಡದೆ ಹಿಂದಕ್ಕೆ ಹೋಗಿತ್ತು. ಅದಕ್ಕಾದರೂ ನನ್ನನ್ನು ಹೊಗಳಬೇಕೆಂದು ತೋಚಲಿಲ್ಲ, ಅದೂ ಒಂದು ಕರುಣೆ. ತೋಚಿದವರು ಮನುಷ್ಯರು. ಶ್ವೇತಾಳ ಮಾತು ಊರೆಲ್ಲ ಹಬ್ಬಿ, ಎಲೆಅಡಿಕೆ ಹಾಕುವ ಅಜ್ಜಿಯರೂ “ಎಲ್ಲಿ ನಮ್ಮ ಗಾಡ್‌ಮದರು” ಎಂದು ಚೀಲ ಹಿಡಿದು ಬಂದರು. ಚಪ್ಪರ ಬರಿದಾಯಿತು. ಪೂಜೆಯ ಹಿಂದಿನ ದಿನ ಎಳೆಯ, ನೆಟ್ಟಗಿನ ಒಂದನ್ನು ಮಾತ್ರ ತೊಳೆದು, ಅರಿಶಿನ ಹಚ್ಚಿ, ಮನೆಯಲ್ಲಿ ತಟ್ಟೆಯಲ್ಲಿಟ್ಟು ದೇವಸ್ಥಾನಕ್ಕೆ ಹೋದೆ. ಸಂಜೆ ಬಂದು ನೋಡಿದರೆ ತಟ್ಟೆ ಇದೆ, ತಾಯಿ ಇಲ್ಲ.

ನಮ್ಮವರು ಟಿವಿ ಮುಂದಿದ್ದರು. “ಶ್ವೇತಾ ಬಂದಿದ್ಲು. ಮಗೂಗೆ ಏನೋ ಮಾಡ್ಬೇಕಂತೆ. ಆಂಟಿ ಅಂದ್ರೆ ನಮಗೆ ಫೇರಿ ಗಾಡ್‌ಮದರ್ ಅಂದ್ಲು, ಪಾಪ.”

“ತಟ್ಟೆಯಲ್ಲಿ ಇಟ್ಟದ್ದು ಕಾಣಲಿಲ್ವಾ ನಿಮಗೆ?”

“ತಟ್ಟೆ ನಾನು ಕೊಟ್ಟಿಲ್ಲ ಮಾರಾಯ್ತಿ. ಅಲ್ಲೇ ಉಂಟಲ್ಲ.”

ಓಡಿದೆ. ಶ್ವೇತಾಳ ಮಗಳು ಬಾಗಿಲಲ್ಲೇ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಬ್ರೆಡ್ಡಿನ ನಡುವೆ ಬಿಲ್ಲೆ ಬಿಲ್ಲೆಯಾಗಿ ಕಾವೇರಮ್ಮ. “ಆಂಟಿ, ಸಿಪ್ಪೆ ಯಾಕೋ ಹಳದಿ ಇತ್ತು, ತೆಗೆದೇ ಹಾಕಿದೆ” ಅಂದಳು ಶ್ವೇತಾ. ಬೈಯಬೇಕೆಂದು ಬಾಯಿ ತೆರೆದೆ. ಮಗು ನನ್ನತ್ತ ಒಂದು ತುಂಡು ಚಾಚಿತು. ಬಾಯಿ ಮುಚ್ಚಿಕೊಂಡು ಬಂದೆ.

ಕತ್ತಲಾಗುತ್ತಿತ್ತು. ಅಂಗಡಿಯಲ್ಲಿ ಸೌತೆಕಾಯಿ ಆಗಲೇ ಮುಗಿದಿತ್ತು. ಕರಿಮಣಿ ಸರ ಕೈಯಲ್ಲಿ ಹಿಡಿದು ಕೂತವಳಿಗೆ, ವಾರದ ಹಿಂದೆ ಲಿಲ್ಲಿಗೊಂದು ಕಾಯಿ ಕೊಟ್ಟದ್ದು ನೆನಪಾಯಿತು. ಕೊಟ್ಟದ್ದನ್ನು ತಿರುಗಿ ಕೇಳುವುದು ಹೇಗೆ? ಕೇಳಿಯೇಬಿಟ್ಟೆ. ಲಿಲ್ಲಿ ಫ್ರಿಜ್ಜಿನ ತಳದಿಂದ ಅದನ್ನು ತೆಗೆದಳು. ತುದಿ ಸ್ವಲ್ಪ ಸೊಟ್ಟ, ಆದರೆ ಚಾಕು ತಾಗಿರಲಿಲ್ಲ. “ನಾಳೆ ಸಲಾಡಿಗೆ ಅಂತ ಇಟ್ಟಿದ್ದೆ. ದೇವರಿಗಲ್ವಾ, ತಗೊಳ್ಳಿ” ಎಂದು ಸೆರಗಿನಲ್ಲಿ ಒರೆಸಿ ಕೊಟ್ಟಳು.

ನನ್ನ ಕಣ್ಣು ತುಂಬಿತು. “ಲಿಲ್ಲಿ, ನೀನೇ ನನ್ನ ಫೇರಿ ಗಾಡ್‌ಮದರ್ ಕಣೆ.”

ಬಾಯಿಂದ ಬಿದ್ದ ಮೇಲೆ ಕೇಳಿಸಿತು. ಲಿಲ್ಲಿಗೂ ಕೇಳಿಸಿತು. ಸೊಂಟದ ಮೇಲೆ ಕೈಯಿಟ್ಟು, “ಹಾಗಾದ್ರೆ ಪಾಯಸದ ಮೊದಲ ಲೋಟ ಇಲ್ಲಿಗೆ ಬರ್ಬೇಕು ಅಕ್ಕ. ಇಲ್ದಿದ್ರೆ ಬಂದು ಬೈತೇನೆ” ಅಂದಳು.

ಪೂಜೆ ಚೆನ್ನಾಗಿಯೇ ಆಯಿತು. ಸೊಟ್ಟ ತುದಿಯಲ್ಲಿ ಸರ ಜಾರದೆ ನಿಂತಿತು. ನೆಟ್ಟಗಿನ ಕಾಯಿಯಲ್ಲಿ ಪ್ರತಿವರ್ಷ ಜಾರುತ್ತಿತ್ತು. ಪಾಯಸ ಇಳಿಸಿದ ಮೇಲೆಯೇ ಗ್ಯಾಸ್ ಖಾಲಿಯಾಯಿತು, ಅದೂ ಕಾವೇರಮ್ಮನ ದಯೆ. ಮೊದಲ ಪಾಲನ್ನು ತೂಕುಪಾತ್ರೆಯಲ್ಲಿ ತುಂಬಿ ಲಿಲ್ಲಿಗೆ ಕೊಟ್ಟುಬಂದೆ. ಅವಳು ಅದನ್ನು ತೊಳೆದು, ಖಾಲಿ ಕೊಡಬಾರದೆಂದು ಹಿಡಿ ಸಕ್ಕರೆ ಹಾಕಿ ಸಂಜೆಯೇ ತಂದಿತ್ತಳು. ನಾನಾದರೋ ಅವತ್ತು ಸೌತೆಕಾಯಿಯ ಜೊತೆಗೆ ಅವಳ ಅಂಗಳದ ಚೆಂಡುಹೂವನ್ನೂ ಕೊಯ್ದುಕೊಂಡು, ಅದಕ್ಕೊಂದು ಬುಟ್ಟಿಯನ್ನೂ ಕೇಳಿ ತಂದಿದ್ದೆ. ಬುಟ್ಟಿ ಗಟ್ಟಿಯಾಗಿದೆ, ಈರುಳ್ಳಿಗೆ ಹೇಳಿ ಮಾಡಿಸಿದ ಹಾಗಿದೆ. ಸದ್ಯಕ್ಕೆ ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ತೂಗುತ್ತಿದೆ. ಲಿಲ್ಲಿ ಬರುವ ದಿನ ಬುಟ್ಟಿ ಮರೆಯಾಗುವಂತೆ ಆ ಬಾಗಿಲನ್ನು ಪೂರ್ತಿ ತೆರೆದಿಡುತ್ತೇನೆ.