ಸಣಕಲು ಚಿಕ್ಕಪ್ಪನ ಹೊಟ್ಟೆ ಆಪರೇಷನ್ನು

ನಮ್ಮ ಚಿಕ್ಕಪ್ಪನಷ್ಟು ಸಣಕಲು ಮನುಷ್ಯ ಇಡೀ ಗುಬ್ಬಿಯಲ್ಲಿ ಇನ್ನೊಬ್ಬರಿಲ್ಲ. ಅವರು ಅಂಗಿ ಹಾಕಿಕೊಂಡರೆ ಗೋಡೆಯ ಮೊಳೆಗೆ ಅಂಗಿ ನೇತುಹಾಕಿದ ಹಾಗೆ ಕಾಣುತ್ತೆ. ಬೆಲ್ಟಿನಲ್ಲಿ ಕಂಪನಿಯವರು ಕೊಟ್ಟ ತೂತು ಸಾಲದೆ, ಮನೆಯಲ್ಲೇ ಮೊಳೆ ಕಾಯಿಸಿ ಇನ್ನಷ್ಟು ತೂತು ಮಾಡಿಕೊಂಡವರು. ಇಂಥವರು ತೂಕ ಇಳಿಸುವ ಆಪರೇಷನ್ನು ತಮಗೇ ಆಗಬೇಕು ಅಂತ ಹೇಳಿಕೊಂಡು ಊರೂರು ತಿರುಗಿದರು ಅಂದರೆ ನೀವು ನಂಬುತ್ತೀರಾ? ನಂಬಲೇಬೇಕು. ಕಾರು ಓಡಿಸಿದವಳು ನಾನು.

ಮೊದಲು ಅವರ ಸ್ವಭಾವ ಹೇಳಿಬಿಡುತ್ತೇನೆ. ಕೊಬ್ಬರಿ ವ್ಯಾಪಾರ ಮಾಡಿ, ಈಗ ಅಂಗಡಿ ಮುಚ್ಚಿ ಆರಾಮಾಗಿರುವ ಮನುಷ್ಯ. ಯಾವ ವಸ್ತು ಕೊಳ್ಳಬೇಕಾದರೂ ಅಂಗಡಿಯವನನ್ನು ಒಂದು ಮಾತೂ ಕೇಳುವುದಿಲ್ಲ. ಅದನ್ನು ಈಗಾಗಲೇ ತಗೊಂಡು ಅನುಭವಿಸುತ್ತಿರುವವರನ್ನೇ ಹುಡುಕಿಕೊಂಡು ಹೋಗಿ ಕೇಳುತ್ತಾರೆ. ಮಿಕ್ಸಿ ಕೊಳ್ಳುವ ಮುಂಚೆ, ಬೆಳಗ್ಗೆ ಎಲ್ಲರ ಮನೆಯಲ್ಲೂ ಚಟ್ನಿ ರುಬ್ಬುವ ಹೊತ್ತಿಗೆ ಬೀದಿಯಲ್ಲಿ ನಿಂತು ಯಾವ ಮಿಕ್ಸಿ ಹೇಗೆ ಕಿರುಚುತ್ತೆ ಅಂತ ಕೇಳಿಸಿಕೊಂಡರು. ಮಂಚ ಕೊಳ್ಳಬೇಕು ಅನ್ನಿಸಿದಾಗ ಬೀಗರ ಮನೆಗೆ ಹೋಗಿ ಅವರ ಹೊಸ ಮಂಚದ ಮೇಲೆ ‘ಸುಮ್ನೆ ಒಂದ್ಸಲ’ ಅಂತ ಮಲಗಿ ಸಂಜೆವರೆಗೆ ನಿದ್ದೆ ಹೊಡೆದರು. ಬೀಗರ ಮನೆಯವರು ಪಾಪ, ಎಬ್ಬಿಸೋದೋ ಬೇಡವೋ ಗೊತ್ತಾಗದೆ ಕಾಫಿ ಮತ್ತೆ ಮತ್ತೆ ಬಿಸಿ ಮಾಡಿಕೊಂಡು ಕೂತಿದ್ದರಂತೆ. ನನಗೆ ಗಂಡು ನೋಡುವಾಗಲೂ ಅಷ್ಟೇ. ಮನೆತನ, ಸಂಬಳ ಅಂತೆಲ್ಲ ಉಳಿದವರು ವಿಚಾರಿಸುತ್ತಿದ್ದರೆ, ಇವರು ಹುಡುಗನ ಹಾಸ್ಟೆಲ್ ರೂಮಿನಲ್ಲಿ ಜೊತೆಗಿದ್ದವನನ್ನು ಪತ್ತೆಹಚ್ಚಿ, ‘ಬಕೆಟ್ ಇಸ್ಕೊಂಡ್ರೆ ತೊಳೆದು ವಾಪಸ್ ಕೊಡ್ತಿದ್ನಾ?’ ಅಂತ ಕೇಳಿ ಬಂದರು. ಕೊಡುತ್ತಿದ್ದನಂತೆ. ಮದುವೆಯಾಯಿತು.

ಇನ್ನು ನಮ್ಮ ಚಿಕ್ಕಮ್ಮ. ಗುಬ್ಬಿಯ ಅರ್ಧ ಹೆಂಗಸರ ಬ್ಲೌಸು ಅವರ ಕೈಯಲ್ಲೇ ಹೊಲಿದದ್ದು. ಎಲ್ಲರ ಅಳತೆ ತಲೆಯಲ್ಲೇ ಇಟ್ಟುಕೊಂಡಿದ್ದರೂ ಒಬ್ಬರದ್ದು ಇನ್ನೊಬ್ಬರಿಗೆ ಹೇಳಿದವರಲ್ಲ. ಥೈರಾಯ್ಡು ಬಂದ ಮೇಲೆ ಅವರ ಮೈ ಬೆಳೆಯುತ್ತಾ ಹೋಯಿತು. ಹಿಂದೆಯೇ ಶುಗರ್ ಬಂತು, ಮಂಡಿ ನೋವು ಬಂತು, ಎದೆಯುರಿ ಬಂತು. ಹೊಲಿಗೆ ಮಿಷಿನ್ನಿನ ಪೆಡಲ್ ತುಳಿಯುವುದಕ್ಕೂ ಆಗದೆ ಮೋಟರ್ ಹಾಕಿಸಿಕೊಂಡರು. ಕೊನೆಗೆ ತುಮಕೂರಿನ ಡಾಕ್ಟರೊಬ್ಬರು, ಪಥ್ಯ, ಮಾತ್ರೆ ಎಲ್ಲ ಮುಗೀತು, ಇನ್ನು ಹೊಟ್ಟೆ ಆಪರೇಷನ್ ಬಗ್ಗೆ ಯೋಚನೆ ಮಾಡಿ ಅಂದುಬಿಟ್ಟರು.

ಅದರಲ್ಲೂ ಬಗೆಬಗೆ ಇದೆಯಂತೆ. ಬಲೂನ್ ಅನ್ನುವುದಕ್ಕೆ ಕೊಯ್ಯುವುದೇ ಇಲ್ಲ. ಬಾಯಿಂದ ಹೊಟ್ಟೆಗೆ ಒಂದು ಬಲೂನು ಇಳಿಸಿ ಅದರಲ್ಲಿ ನೀರು ತುಂಬುತ್ತಾರೆ, ಕೆಲವು ತಿಂಗಳಾದ ಮೇಲೆ ತೆಗೆಯುತ್ತಾರೆ. ಸ್ಲೀವ್ ಅಂದರೆ ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಷ್ಟು ಮಾಡುವುದು. ಬೈಪಾಸ್ ಅಂದರೆ ಹೊಟ್ಟೆಯ ಮೇಲುಗಡೆ ಒಂದು ಪುಟ್ಟ ಚೀಲ ಮಾಡಿ, ಅದನ್ನು ಕರುಳಿನ ಕೆಳಭಾಗಕ್ಕೆ ನೇರವಾಗಿ ಸೇರಿಸುವುದು. ‘ನಮ್ ಹೈವೇ ಬೈಪಾಸ್ ಇದ್ದಂಗೆ, ಊಟ ಊರೊಳಗೇ ಹೋಗಲ್ಲ’ ಅಂತ ಚಿಕ್ಕಪ್ಪ ಮನೆಯಲ್ಲಿ ವಿವರಿಸಿದರು. ಚಿಕ್ಕಮ್ಮ ಹೊಲಿಯುತ್ತಿದ್ದ ಬ್ಲೌಸಿನಿಂದ ತಲೆ ಎತ್ತದೆ, ತೋಳು ಚಿಕ್ಕದು ಮಾಡೋದು ನಂಗೂ ಗೊತ್ತು, ಹೊಟ್ಟೆಗೆ ಯಾಕ್ರೀ ಸ್ಲೀವು ಅಂದರು. ಆಮೇಲೆ ಮೆಲ್ಲಗೆ, ನನಗೆ ಭಯ ಆಗುತ್ತೆ ಅಂದರು.

ಆ ಭಯಕ್ಕೆ ಚಿಕ್ಕಪ್ಪನಿಗೆ ಗೊತ್ತಿದ್ದ ಮದ್ದು ಒಂದೇ. ನನಗೆ ಫೋನ್ ಮಾಡಿದರು. ‘ಕಾರು ತಗೊಂಡು ಬಾಮ್ಮ. ಮಾಡಿಸ್ಕೊಂಡಿರೋರನ್ನ ನೋಡ್ಕೊಂಡು ಬರೋಣ.’

ಮೊದಲ ಭೇಟಿ ತುಮಕೂರಿನಲ್ಲಿ ನಾನಿರುವ ಉಪ್ಪಾರಹಳ್ಳಿಯಲ್ಲೇ ಆಯಿತು. ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಒಬ್ಬರು ಬಲೂನ್ ಹಾಕಿಸಿಕೊಂಡಿದ್ದರು. ನಾನು ಪರಿಚಯ ಮಾಡಿಕೊಟ್ಟೆ. ಯಾರಿಗೆ ಮಾಡಿಸಬೇಕು ಅಂತಿದೀರಿ ಅಂತ ಅವರು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಪ್ಪ ‘ನಂಗೇ’ ಅಂದರು.

ಫೋಟೋದವರು ಚಿಕ್ಕಪ್ಪನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಗೋಡೆ ಮೇಲಿದ್ದ ಯಾರದೋ ನಾಮಕರಣದ ಫೋಟೋ ನೋಡಿದೆ. ಒಳ್ಳೆಯ ಮನುಷ್ಯ, ಮತ್ತೇನೂ ಕೇಳದೆ ತಮ್ಮ ಕಥೆ ಹೇಳಿದರು. ಮೊದಲ ಕೆಲವು ದಿನ ಬರೀ ವಾಂತಿ, ಯಾಕಾದರೂ ಹಾಕಿಸಿಕೊಂಡೆನೋ ಅನ್ನಿಸಿತಂತೆ. ಆಮೇಲೆ ಚೆನ್ನಾಗಿ ಇಳಿದರಂತೆ. ಬಲೂನು ತೆಗೆಸಿದ ಮೇಲೆ ಹಸಿವು ಬಾಗಿಲಲ್ಲೇ ಕಾಯುತ್ತಿದ್ದ ಹಾಗೆ ವಾಪಸ್ ಬಂತು, ಅದರ ಹಿಂದೆ ತೂಕವೂ ಬಂತು. ತಪ್ಪು ಬಲೂನಿನದಲ್ಲ, ನಾಲಿಗೆ ಕಟ್ಟೋದು ನಾನು ಕಲೀಲಿಲ್ಲ ಅಂದರು. ಹಾಗಾದರೆ ಬೇಜಾರಿದೆಯಾ ಅಂತ ಚಿಕ್ಕಪ್ಪ ಕೇಳಿದ್ದಕ್ಕೆ ಸ್ವಲ್ಪ ಯೋಚಿಸಿ, ‘ಇಲ್ಲ ಸರ್. ಆ ಆರು ತಿಂಗ್ಳು ಬಗ್ಗಿ ನನ್ ಶೂ ಲೇಸ್ ನಾನೇ ಕಟ್ಕೊಂಡೆ’ ಅಂದರು. ನಾವು ಹೊರಡುವಾಗ ಚಿಕ್ಕಪ್ಪನಿಗೆ ಮಾತ್ರ ಕೇಳಿಸದ ಹಾಗೆ, ಮೇಡಂ, ಅವರನ್ನ ಒಂದ್ಸಲ ಬೇರೆ ಥರದ ಡಾಕ್ಟ್ರಿಗೆ ತೋರ್ಸಿ ಅಂತಲೂ ಅಂದರು.

ಮುಂದಿನ ಭಾನುವಾರ ಕುಣಿಗಲ್‌ಗೆ ಹೋದೆವು. ಅಲ್ಲಿ ಸ್ಲೀವ್ ಮಾಡಿಸಿಕೊಂಡಿದ್ದವರು ಮದುವೆ ಮನೆಗಳಿಗೆ ಅಡುಗೆ ಮಾಡುವವರು. ಯೋಚಿಸಿ ನೋಡಿ, ಸಾವಿರ ಜನಕ್ಕೆ ಹೋಳಿಗೆ ಬೇಯಿಸುವವರ ಹೊಟ್ಟೆ ಬಾಳೆಕಾಯಿಯಷ್ಟು! ಮೊದಲು ಒಂದು ತಟ್ಟೆ ಇಡ್ಲಿ ಮುಗಿಸಿ ಇನ್ನೊಂದಕ್ಕೆ ಕೂಗುತ್ತಿದ್ದ ಮನುಷ್ಯ, ಈಗ ಅರ್ಧ ಇಡ್ಲಿ ತಿಂದು ಉಳಿದರ್ಧವನ್ನು ಮುಚ್ಚಿಡುತ್ತಾರಂತೆ. ಸಾರಿನ ರುಚಿಯನ್ನು ಅಂಗೈ ಮೇಲೆ ಒಂದು ತೊಟ್ಟು ಹಾಕಿಕೊಂಡು ನೋಡುತ್ತಾರಂತೆ. ಎದೆಯುರಿ ಮಾತ್ರ ಮುಂಚೆಗಿಂತ ಹೆಚ್ಚಾಗಿದೆ, ತಲೆದಿಂಬು ಒಂದರ ಮೇಲೊಂದು ಪೇರಿಸಿಕೊಂಡು, ಕೂತ ಹಾಗೇ ಮಲಗಬೇಕು ಅಂದರು. ಆದರೆ ಮಂಡಿ ನೋವು ಹೋಗಿ, ಒಲೆ ಮುಂದೆ ಕುಕ್ಕರುಗಾಲಿನಲ್ಲಿ ಕೂರುವುದಕ್ಕಾಗುತ್ತೆ, ನನಗೆ ಅಷ್ಟು ಸಾಕು ಅಂದರು.

ಚಿಕ್ಕಪ್ಪ ಇಲ್ಲೂ ‘ನಂಗೇ’ ಅಂದಿದ್ದರು. ಅಡುಗೆಯವರು ಫೋಟೋದವರಷ್ಟು ಮೆದುವಲ್ಲ. ‘ಅಲ್ಲ ಯಜಮಾನ್ರೇ, ನಿಮಗೆ ಹೊಟ್ಟೆನೇ ಇಲ್ವಲ್ಲ. ಕೊಯ್ಯೋದೇನ್ನ?’ ಅಂತ ಕೇಳಿಯೇಬಿಟ್ಟರು. ಚಿಕ್ಕಪ್ಪ ಗಂಭೀರವಾಗಿ, ‘ಮುಂದೆ ಬಂದ್ರೆ ಅಂತ ಈಗ್ಲೇ ವಿಚಾರಿಸ್ತಾ ಇದೀನಿ’ ಅಂದರು.

ಅಡುಗೆಯವರ ಹೆಂಡತಿ ನನ್ನನ್ನು ಒಳಗೆ ಕರೆದರು. ಕಾಫಿಗೆ ಇರಬೇಕು ಅಂತ ಹೋದೆ. ಅವರು ನನ್ನ ಕೈಗೆ ಹುರಿಹಿಟ್ಟಿನ ಪೊಟ್ಟಣ ಕೊಟ್ಟು, ದನಿ ತಗ್ಗಿಸಿ, ‘ಮನೇಲಿ ಆವಯ್ಯನಿಗೆ ಊಟಕ್ಕೆ ಇಕ್ತಾರೇನಮ್ಮ?’ ಅಂತ ಕೇಳಿದರು.

ಕಾರಿನಲ್ಲಿ ಹೆಬ್ಬೂರಿನ ಕಡೆ ಬರುವಾಗ ನನಗೆ ತಡೆಯಲಾಗಲಿಲ್ಲ. ಚಿಕ್ಕಪ್ಪ, ಜನ ನಿಮ್ಮನ್ನ ಹುಚ್ಚ ಅನ್ಕೊಂಡಿದಾರೆ, ಚಿಕ್ಕಮ್ಮನಿಗೆ ಅಂತ ಹೇಳಿದ್ರೆ ಏನು ಹೋಗುತ್ತೆ ಅಂದೆ. ಅವರು ಕಿಟಕಿ ಕಡೆ ತಿರುಗಿದರು. ರಸ್ತೆ ಪಕ್ಕದ ತೆಂಗಿನ ತೋಟಗಳನ್ನು ನೋಡುತ್ತಾ ಕೂತಿದ್ದರು. ಆಮೇಲೆ ನಿಧಾನಕ್ಕೆ ಹೇಳಿದರು.

ಕೆಲವು ವರ್ಷದ ಹಿಂದೆ ತುಮಕೂರಿನ ಒಂದು ಮದುವೆ ಛತ್ರದಲ್ಲಿ ಚಿಕ್ಕಮ್ಮ ಕೂತ ಪ್ಲಾಸ್ಟಿಕ್ ಕುರ್ಚಿ ಮುರಿದು, ಅವರು ಕೆಳಗೆ ಬಿದ್ದಿದ್ದರಂತೆ. ಸುತ್ತ ಇದ್ದವರು ನಕ್ಕರಂತೆ. ಎಲ್ಲರಿಗಿಂತ ಮೊದಲು ಚಿಕ್ಕಮ್ಮನೇ ನಕ್ಕರಂತೆ. ಆ ಕಥೆಯಲ್ಲಿ ಅಷ್ಟು ಮಾತ್ರ ನನಗೂ ಗೊತ್ತಿತ್ತು, ನೆಂಟರೆಲ್ಲ ತಮಾಷೆಯಾಗಿ ಹೇಳಿಕೊಳ್ಳುತ್ತಿದ್ದರು. ಮುಂದಿನದು ಗೊತ್ತಿರಲಿಲ್ಲ.

‘ಮನೆಗೆ ಬಂದು ಸೀರೆ ಮಡಚಿಡ್ತಾ ಇದ್ಲು’ ಅಂದರು ಚಿಕ್ಕಪ್ಪ. ‘ಇನ್ಮೇಲೆ ಮದ್ವೆಗೆಲ್ಲ ನೀವೊಬ್ರೇ ಹೋಗ್ಬನ್ನಿ ಅಂದ್ಲು. ಅಷ್ಟೇ ಅಂದಿದ್ದು. ಆವತ್ತಿಂದ ಎಲ್ಲಿಗೂ ಬಂದಿಲ್ಲ ಕಣಮ್ಮ. ಇನ್ನ ಅವಳ ಮೈ ವಿಷ್ಯ ನಾನು ಊರೂರಿಗೆ ತಗೊಂಡೋಗಿ ಹೇಳ್ಲಾ? ನಗೋರು ನನ್ನ ನೋಡಿ ನಗ್ಲಿ ಬಿಡು.’

ನಾನು ಗೇರ್ ಬದಲಾಯಿಸುವ ಅಗತ್ಯವಿಲ್ಲದಿದ್ದರೂ ಬದಲಾಯಿಸಿದೆ.

ಹೆಬ್ಬೂರಿನಲ್ಲಿ ನಾವು ನೋಡಬೇಕಾಗಿದ್ದವರು ಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುವ ಹೆಂಗಸು. ಚಿಕ್ಕಮ್ಮನ ವಯಸ್ಸಿನವರು, ಬೈಪಾಸ್ ಮಾಡಿಸಿಕೊಂಡಿದ್ದರು. ಕೊಟ್ಟಿಗೆ ಮುಂದೆ ಚಾಪೆ ಹಾಕಿ ಕೂರಿಸಿ, ಕೇಳಿದ್ದಕ್ಕೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು. ಶುಗರ್ ಮಾತ್ರೆ ನಿಂತುಹೋಗಿದೆ. ಅದರ ಬದಲು ಬೇರೆ ಮಾತ್ರೆ ಬಂದಿವೆ, ಸತ್ವದ ಮಾತ್ರೆ, ಅವನ್ನು ಬದುಕಿರುವವರೆಗೂ ಬಿಡುವ ಹಾಗಿಲ್ಲ. ಒಂದು ತುಂಡು ಮೈಸೂರ್‌ಪಾಕ್ ತಿಂದರೂ ಎದೆ ಹೊಡೆದುಕೊಂಡು ಬೆವರು ಕಿತ್ತು ಬರುತ್ತೆ. ಕೂದಲು ಉದುರಿತು. ಚರ್ಮ ಜೋತುಬಿದ್ದಿದೆ, ಅದು ಯಾರಿಗೂ ಕಾಣಲ್ಲ, ನಂಗೆ ಕಾಣುತ್ತೆ ಅಂದರು. ಆದರೆ ಹುಲ್ಲಿನ ಹೊರೆ ಈಗ ಒಬ್ಬರೇ ಎತ್ತುತ್ತಾರಂತೆ.

ಚಿಕ್ಕಪ್ಪ ಎಲ್ಲ ಕೇಳಿಸಿಕೊಂಡರು. ಆಮೇಲೆ ಚಾಪೆಯ ಅಂಚು ಕೀಳುತ್ತಾ ಒಂದು ಪ್ರಶ್ನೆ ಕೇಳಿದರು. ‘ಮಲಗಿದ್ದಾಗ ಉಸಿರು ಕಟ್ತಿತ್ತಾ ತಾಯಿ ನಿಮಗೆ? ಗೊರಕೆ ಬರ್ತಾ ಬರ್ತಾ ಇದ್ದಕ್ಕಿದ್ದಂಗೆ ನಿಂತೋಗೋದು... ಅದು ವಾಸಿ ಆಯ್ತಾ?’

ಆ ಹೆಂಗಸು ಚಿಕ್ಕಪ್ಪನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೊಟ್ಟಿಗೆಯೊಳಗೆ ಸಗಣಿ ಬಾಚುತ್ತಿದ್ದ ಗಂಡನನ್ನು ಕರೆದು, ನೀನೇ ಹೇಳು ಇವ್ರಿಗೆ, ನಂಗೇನು ಗೊತ್ತು ನಿದ್ದೇಲಿ ಆಗಿದ್ದು ಅಂದರು. ಅವರು ಕೈ ಒರೆಸಿಕೊಳ್ಳುತ್ತಾ ಬಂದು ಸಂಕೋಚದಿಂದ ನಿಂತರು. ಮುಂಚೆ ಉಸಿರು ನಿಂತಾಗೆಲ್ಲ ಭುಜ ಹಿಡಿದು ಅಲ್ಲಾಡಿಸುತ್ತಿದ್ದರಂತೆ, ತಾವು ನಿದ್ದೆ ಮಾಡುವುದಕ್ಕೇ ಹೆದರುತ್ತಿದ್ದರಂತೆ. ‘ಈಗಿಲ್ಲ ಸ್ವಾಮಿ. ಈಗ ನಾನೇ ಗೊರಕೆ ಹೊಡೀತೀನಿ ಅಂತ ಬೈತಾಳೆ’ ಅಂದರು.

ಚಿಕ್ಕಪ್ಪ ಟವಲ್ಲಿನಿಂದ ಮುಖ ಒರೆಸಿಕೊಂಡರು. ಬಿಸಿಲೇನೂ ಇರಲಿಲ್ಲ.

‘ಅಕ್ಕಾವ್ರ ಹೆಸರೇನು?’ ಅಂತ ಆ ಹೆಂಗಸು ಕೇಳಿದರು. ಇನ್ನು ‘ನಂಗೇ’ ಅನ್ನುವುದರಲ್ಲಿ ಅರ್ಥವಿಲ್ಲ ಅಂತ ಚಿಕ್ಕಪ್ಪನಿಗೂ ಗೊತ್ತಾಯಿತು. ಹೆಸರು ಹೇಳಿದರು. ಉಪ್ಪಾರಹಳ್ಳಿಯಲ್ಲೂ ಕುಣಿಗಲ್‌ನಲ್ಲೂ ಆದದ್ದನ್ನು ಆಕೆಗೆ ನಾನು ಹೇಳಿದೆ.

ಆಕೆ ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ವಾರ ಹೆಬ್ಬೂರಿನಿಂದ ಬಸ್ಸು ಹತ್ತಿ, ತುಮಕೂರಿನಲ್ಲಿ ಬಸ್ಸು ಬದಲಾಯಿಸಿ, ಒಂದು ಕ್ಯಾನು ಹಾಲು ಹಿಡಿದುಕೊಂಡು ಗುಬ್ಬಿಗೇ ಬಂದರು. ಚಿಕ್ಕಪ್ಪನನ್ನೂ ನನ್ನನ್ನೂ ಜಗಲಿಯಲ್ಲಿ ಕೂರಿಸಿ, ಚಿಕ್ಕಮ್ಮನ ಜೊತೆ ರೂಮಿನ ಬಾಗಿಲು ಹಾಕಿಕೊಂಡರು. ಹೊಟ್ಟೆಯ ಮೇಲಿನ ಸಣ್ಣ ಸಣ್ಣ ಗಾಯದ ಗುರುತು, ಜೋತ ಚರ್ಮ, ತೆಳ್ಳಗಾದ ಕೂದಲು ಎಲ್ಲ ತೋರಿಸಿದರಂತೆ. ಒಳಗಿನಿಂದ ಒಮ್ಮೊಮ್ಮೆ ನಗು ಕೇಳುತ್ತಿತ್ತು, ಒಮ್ಮೊಮ್ಮೆ ಏನೂ ಕೇಳುತ್ತಿರಲಿಲ್ಲ. ಹೊರಗೆ ಚಿಕ್ಕಪ್ಪ ಅದೇ ಪೇಪರನ್ನು ತಿರುವಿ ತಿರುವಿ ಓದುತ್ತಿದ್ದರು. ಜಾಹೀರಾತನ್ನೂ ಬಿಡಲಿಲ್ಲ.

ಆಕೆ ಹೋದ ಮೇಲೆ ಚಿಕ್ಕಮ್ಮ ಹೊರಗೆ ಬಂದರು. ಕಣ್ಣು ಕೆಂಪಾಗಿತ್ತು. ಕುಣಿಗಲ್‌ನಲ್ಲೂ ಉಪ್ಪಾರಹಳ್ಳಿಯಲ್ಲೂ ಹೊಟ್ಟೆ ನಿಮ್ಮದು ಅಂತ ಹೇಳ್ಕೊಂಡು ಬಂದ್ರಂತೆ ಅಂದರು. ಚಿಕ್ಕಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

‘ನಾಳೆ ಡಾಕ್ಟ್ರ ಹತ್ರ ಹೋಗೋಣ’ ಅಂದರು ಚಿಕ್ಕಮ್ಮ. ‘ಅಲ್ಲಾದ್ರೂ ಹೊಟ್ಟೆ ನಂದು ಅಂತ ಹೇಳಿ. ಇಲ್ದಿದ್ರೆ ನಿಮ್ಮನ್ನೇ ಕುಯ್ದಾಕ್ತಾರೆ.’

ಎದೆಯುರಿ ಮೊದಲೇ ಇದ್ದದ್ದರಿಂದ, ಜೊತೆಗೆ ಶುಗರ್ ಇದ್ದದ್ದರಿಂದ, ಡಾಕ್ಟರು ಇವರಿಗೆ ಬೈಪಾಸೇ ಸರಿ ಅಂದರು. ಆಪರೇಷನ್ ಆಯಿತು. ಅದು ಹೂವಿನ ಹಾದಿಯೇನಲ್ಲ. ಮೊದಲ ವಾರಗಳಲ್ಲಿ ಚಮಚ ಚಮಚ ನೀರು, ತಿಳಿ, ಗಂಜಿ. ಕೂದಲು ಉದುರುವಾಗ ಚಿಕ್ಕಮ್ಮ ಆಪರೇಷನ್ನಿನ ನೋವಿಗಿಂತ ಹೆಚ್ಚು ಅದಕ್ಕೇ ಅತ್ತರು. ಯುಗಾದಿಗೆ, ಒಂದು ತುಣುಕು ಹೋಳಿಗೆ ಏನು ಮಾಡೀತು ಅಂತ ತಿಂದು, ಬೆವೆತು ನಡುಗಿ ಮಧ್ಯಾಹ್ನವೆಲ್ಲ ಮಲಗಿದರು. ಎಲ್ಲಕ್ಕಿಂತ ದೊಡ್ಡ ತೊಂದರೆ ಕೊಟ್ಟವರು ಚಿಕ್ಕಪ್ಪ. ಅವಳೆದುರು ನಾನು ಮುದ್ದೆ ನುಂಗಲಾ ಅಂತ ತಾವೂ ಆ ಪುಟ್ಟ ಬಟ್ಟಲಲ್ಲೇ ಊಟ ಮಾಡತೊಡಗಿದರು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಪಥ್ಯ ಹೇಳುವ ಹುಡುಗಿ ಚಿಕ್ಕಮ್ಮನನ್ನು ಬಿಟ್ಟು ಇವರನ್ನೇ ತಕ್ಕಡಿ ಹತ್ತಿಸಿ, ಅಮ್ಮಾವ್ರು ಸರಿಯಾಗಿ ಇಳೀತಿದಾರೆ, ನೀವ್ಯಾಕೆ ಇಳೀತಿದೀರ ಅಂತ ಬೈದಳು. ಆವತ್ತಿನಿಂದ ಚಿಕ್ಕಮ್ಮ ತಮ್ಮ ಬಟ್ಟಲು ಮುಗಿಸಿ, ಎದುರಿಗೆ ಕೂತು, ಇವರು ಮುದ್ದೆ ಮುಗಿಸುವವರೆಗೆ ಕಾವಲು ಕಾಯುತ್ತಾರೆ.

ಹೋದ ತಿಂಗಳು ಕುಣಿಗಲ್‌ನಲ್ಲಿ ನೆಂಟರ ಗೃಹಪ್ರವೇಶವಿತ್ತು. ಮೂವರೂ ನನ್ನ ಕಾರಿನಲ್ಲೇ ಹೋಗಿದ್ದೆವು. ಊಟ ಮುಗಿಸಿ ಹೊರಟಾಗ ಚಿಕ್ಕಮ್ಮ ಕೆರೆ ಹತ್ತಿರ ಕಾರು ನಿಲ್ಲಿಸು ಅಂದರು. ಮದುವೆಯಾಗಿ ಬಂದಾಗಿನಿಂದ ಈ ಕೆರೆಯನ್ನು ಬಸ್ಸಿನ ಕಿಟಕಿಯಿಂದಲೇ ನೋಡಿದ್ದು, ಒಂದು ಸಲವೂ ಏರಿ ಮೇಲೆ ನಡೆದಿಲ್ಲ ಅಂದರು. ಸಂಜೆಯ ಬಿಸಿಲು ನೀರಿನ ಮೇಲಿತ್ತು. ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಮುಂದೆ ಹೋದರು. ಅಷ್ಟು ವೇಗ ಎಲ್ಲಿಂದ ಬಂತೋ, ನಮಗಿಂತ ಎಷ್ಟೋ ಮುಂದಿದ್ದರು. ಚಿಕ್ಕಪ್ಪ ಏದುಸಿರು ಬಿಡುತ್ತಾ, ಚಪ್ಪಲಿ ಎಳೆಯುತ್ತಾ, ಅವರನ್ನು ಹಿಡಿಯಬೇಕು ಅಂತ ಅವಸರ ಮಾಡುತ್ತಿದ್ದರು.

ಚಿಕ್ಕಮ್ಮ ತಿರುಗಿ ನೋಡಿದರು. ನಿಂತರು. ಗಾಳಿಗೆ ಹಾರುತ್ತಿದ್ದ ಸೆರಗನ್ನು ಹಿಡಿದುಕೊಂಡು, ಅಲ್ಲಿಂದಲೇ ಹೇಳಿದರು:

‘ನಿಧಾನಕ್ಕೆ ಬನ್ನಿ ಅಂದ್ರೆ. ನಾನೆಲ್ಲಿಗೂ ಹೋಗಲ್ಲ.’