ಸೊಟ್ಟ ಗಿಟಾರಿನ ತಪಾಸಣೆ

ಮೂಡಲಗಿಯಲ್ಲಿ ಮೋಟಾರು ಸುಟ್ಟರೆ ಜನ ನನ್ನ ಅಂಗಡಿಯ ದಾರಿ ಹಿಡಿಯುತ್ತಾರೆ. ಬಾವಿಯ ಮೋಟಾರು, ಗಿರಣಿಯ ಮೋಟಾರು, ಫ್ಯಾನು, ಮಿಕ್ಸರು, ಯಾವುದೇ ಇರಲಿ, ಒಳಗಿನ ಸುಟ್ಟ ತಾಮ್ರದ ತಂತಿ ಬಿಚ್ಚಿ ಹೊಸದಾಗಿ ಸುತ್ತಿಕೊಡುವುದು ಇಪ್ಪತ್ತೈದು ವರ್ಷಗಳಿಂದ ನನ್ನ ಕಸುಬು. ಹೀಗೆ ಸುತ್ತಿದ ತಂತಿ, ಅಂದರೆ ಕಾಯಿಲ್, ಇರುವ ಯಾವ ವಸ್ತುವೂ ನನ್ನೆದುರು ಸುಳ್ಳು ಹೇಳಲಾರದು ಎಂದು ನಾನು ನಂಬಿದ್ದೆ. ನಂಬಿದ್ದೆ ಎನ್ನುತ್ತಿದ್ದೇನೆ, ಗಮನಿಸಬೇಕು.

ಮಗಳು ಭಾಗ್ಯಾ ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಗೆಳತಿಯ ಗಿಟಾರು ಇಸಿದುಕೊಂಡು ಬಾರಿಸಲು ಕಲಿತಿದ್ದಳು. ಶನಿವಾರ ಕಾಲೇಜಿನ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ. ಹುಡುಗಿಯರ ವಾದ್ಯಮೇಳದಲ್ಲಿ ಅವಳಿಗೂ ಒಂದು ಜಾಗವಿತ್ತು, ಆದರೆ ಸ್ವಂತ ಗಿಟಾರು ತಂದರೆ ಮಾತ್ರ. ಇಲ್ಲವಾದರೆ ಆ ಜಾಗ ಬೇರೆಯವಳಿಗೆ. ಓಣಿಯ ಮಕ್ಕಳಿಗೆ ಎರಡು ವರ್ಷ ಗಣಿತ ಹೇಳಿಕೊಟ್ಟು ರೊಕ್ಕ ಕೂಡಿಸಿದ್ದಳು. ಯಮಕನಮರಡಿಯಲ್ಲಿ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರು ಅವಳಿಗೆ ಎಟುಕುವ ಬೆಲೆಗೆ ಮಾರಾಟಕ್ಕಿತ್ತು.

“ಅಪ್ಪಾ, ನಾ ಎಲ್ಲಾ ವಿಚಾರ ಮಾಡೇನಿ. ನೀ ಬರೇ ಗಾಡಿ ಹೊಡಿ, ಸಾಕು” ಎಂದಳು.

ಬರೇ ಗಾಡಿ ಹೊಡೆಯುವುದೆಂದರೇನು? ವಿದ್ಯುತ್ತಿನ ವಸ್ತುವೊಂದನ್ನು ಖರೀದಿಸುವಾಗ ತಜ್ಞನಾದ ತಂದೆ ಕೈಕಟ್ಟಿ ನಿಲ್ಲುವುದು ಶೋಭೆಯಲ್ಲ ಎಂದು ತೀರ್ಮಾನಿಸಿ, ಕಿಸೆಯಲ್ಲಿ ಟೆಸ್ಟರ್ ಇಟ್ಟುಕೊಂಡೇ ಹೊರಟೆ.

ಮಾರುವವನು ಇಮ್ತಿಯಾಜ್. ಹೆದ್ದಾರಿಯ ಬಾಜೂ ಕೂತು ಲಾರಿ ಸೀಟಿಗೆ ಕುಶನ್ ಹೊಲಿಯುವ ಹುಡುಗ. ಚಾದರದಲ್ಲಿ ಸುತ್ತಿಟ್ಟಿದ್ದ ಗಿಟಾರನ್ನು ಅವನು ಬಿಚ್ಚುತ್ತಲೇ ನನಗೆ ದೋಷ ಕಂಡಿತು. ಗಿಟಾರಿನ ಎಡ ಸೊಂಟ ಮೇಲೆ, ಬಲ ಸೊಂಟ ಕೆಳಗೆ. ಒದ್ದೆ ಬಟ್ಟೆ ಹಿಂಡಿ ಇಟ್ಟ ಹಾಗಿತ್ತು.

“ತಮ್ಮಾ, ಇದು ಎಲ್ಲೋ ಬಿದ್ದೈತಿ” ಎಂದೆ.

“ಇಲ್ರಿ ಕಾಕಾ. ಇದಕ್ಕ ಆಫ್‌ಸೆಟ್ ಅಂತಾರ್ರಿ. ಮಾಡೂವಾಗನ ಹಂಗ ಮಾಡಿರ್ತಾರ.”

“ಮಾಡೂವಾಗನ ಸೊಟ್ಟ ಮಾಡಿದ್ರ, ಪೂರಾ ರೊಕ್ಕ ಯಾಕ ಕೇಳತಿ?”

ಭಾಗ್ಯಾ ನನ್ನ ಅಂಗಿಯ ತೋಳು ಜಗ್ಗಿದಳು. “ಅಪ್ಪಾ, ಕುಂತ ಬಾರಸೂವಾಗ ತೊಡಿ ಮ್ಯಾಲ ಬರೋಬರಿ ಕೂಡಲಿ ಅಂತ ಹಂಗ ಇರತೈತಿ. ಸುಮ್ನಿರು.”

ಸುಮ್ಮನಿರಲಿಲ್ಲ. ಗಿಟಾರು ಎತ್ತಿ, ಒಂದು ಕಣ್ಣು ಮುಚ್ಚಿ, ಅದರ ಕುತ್ತಿಗೆಯುದ್ದಕ್ಕೂ ದೃಷ್ಟಿ ಹಾಯಿಸಿದೆ. ಮೋಟಾರಿನ ಶಾಫ್ಟ್ ಬಾಗಿದೆಯೋ ಎಂದು ನಾನು ನೋಡುವುದೇ ಹೀಗೆ. ಗಿಟಾರು ಬಲ್ಲವರೂ ಹೀಗೆಯೇ ನೋಡುತ್ತಾರೆಂಬುದು ನನಗೇನು ಗೊತ್ತು? ಇಮ್ತಿಯಾಜನ ಕಣ್ಣು ಅರಳಿದವು.

“ಕಾಕಾರಿಗೆ ಗಿಟಾರಿಂದು ಗೊತ್ತೈತಿ ಬಿಡವ್ವಾ” ಎಂದ ಮಗಳಿಗೆ.

ನನ್ನನ್ನು ಕೆಡಿಸಿದ್ದು ಆ ಒಂದು ಮಾತು. ಉಬ್ಬಿದೆ. ಗಿಟಾರಿನ ಮೈಮೇಲಿದ್ದ ಸಣ್ಣ ಕಬ್ಬಿಣದ ಹಿಡಿಕೆಯನ್ನು, ಪಂಪಿನ ವಾಲ್ವಿಗೆ ಹಾಕುವ ಬಲ ಹಾಕಿ ಎಳೆದೆ. ದಪ್ಪ ತಂತಿ ಟಣ್ ಎಂದು ಜಾಗ ಬಿಟ್ಟು ಹಾರಿತು. ಭಾಗ್ಯಾ ಅದನ್ನು ಸ್ವಸ್ಥಾನದಲ್ಲಿ ಕೂಡಿಸಿ, ರೊಕ್ಕ ಕೊಟ್ಟು, ಜೊತೆಗೊಂದು ಸಣ್ಣ ಆಂಪ್ಲಿಫೈಯರ್ ಡಬ್ಬಿಯನ್ನೂ ತೆಗೆದುಕೊಂಡಳು. ದಾರಿಯುದ್ದಕ್ಕೂ ಅವಳು ಗಿಟಾರನ್ನು ಅಪ್ಪಿಕೊಂಡು ಕೂತಿದ್ದಳು.

ಮನೆಯಲ್ಲಿ ಬಾರಿಸಿದಾಗ ಒಳ್ಳೆಯ ಸದ್ದೇ ಬಂತು. ಗಿಟಾರಿನ ಮೈಮೇಲಿನ ಸ್ವಿಚ್ಚು ಕೆಳಗೆ ಹಾಕಿದಾಗ ಮಾತ್ರ ಕರಕರ ಎಂದಿತು.

“ಸ್ವಿಚ್‌ನಾಗ ಧೂಳ ಕುಂತೈತಿ. ಗೋಕಾಕಿಗೆ ಹೋಗಿ ಸ್ಪ್ರೇ ತರತೇನಿ, ಹೊಸ ತಂತೀನೂ ತರತೇನಿ” ಎಂದಳು ಭಾಗ್ಯಾ.

“ಧೂಳಲ್ಲವ್ವಾ. ಕಾಯಿಲ್ ಹೋಗೈತಿ.”

“ಅಪ್ಪಾ, ನಾ ಬರೂತನಕ ಅದಕ ಕೈ ಹಚ್ಚಬ್ಯಾಡ.”

ಗುರುವಾರ ಮುಂಜಾನೆ ಅವಳ ಬಸ್ಸು ಹೊರಟ ಕಾಲು ಗಂಟೆಯಲ್ಲಿ ಗಿಟಾರು ನನ್ನ ಅಂಗಡಿಯ ಮೇಜಿನ ಮೇಲಿತ್ತು. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಒಳಗೇನಿದೆ? ಆಯಸ್ಕಾಂತದ ಸುತ್ತ ತಾಮ್ರದ ತಂತಿ! ಕುತ್ತಿಗೆಯ ಹತ್ತಿರ ಒಂದು, ಹಿಂದೆ ಒಂದು, ಎರಡು ಕಾಯಿಲ್. ಸ್ವಿಚ್ಚು ಮೇಲೆ ಹಾಕಿದರೆ ಕುತ್ತಿಗೆಯದು, ಕೆಳಗೆ ಹಾಕಿದರೆ ಹಿಂದಿನದು. ಇಷ್ಟೂ ದಿನ ವಾದ್ಯ, ವಾದ್ಯ ಎಂದು ಹೆದರಿಸಿದ್ದು ಇದೇ ಏನು, ಇದು ನಮ್ಮ ಪೈಕಿಯೇ ಅಲ್ಲವೇ ಎಂದು ಮೀಸೆಯ ಮೇಲೆ ಕೈ ಹೋಯಿತು.

ನಮ್ಮ ಕಸುಬಿನಲ್ಲಿ ಸಿರೀಸ್ ಲ್ಯಾಂಪ್ ಎಂಬ ಪರೀಕ್ಷೆಯಿದೆ. ಒಂದು ದೊಡ್ಡ ಬಲ್ಬು, ಮನೆಯ ಕರೆಂಟು, ಎರಡು ತಂತಿ. ತಂತಿಯ ತುದಿಗಳನ್ನು ಕಾಯಿಲ್‌ಗೆ ಮುಟ್ಟಿಸಿದರೆ ಬಲ್ಬು ಹೊತ್ತಬೇಕು. ಹೊತ್ತಿದರೆ ಕಾಯಿಲ್ ಗಟ್ಟಿ ಎಂದರ್ಥ. ಕಬ್ಬಿನ ಗದ್ದೆಗೆ ನೀರೆತ್ತುವ ಮೋಟಾರುಗಳೇ ಈ ಪರೀಕ್ಷೆ ಪಾಸಾಗಿ ಹೋಗಿವೆ. ಹಿಂದಿನ ಕಾಯಿಲ್‌ಗೆ ಮುಟ್ಟಿಸಿದೆ.

ಬಲ್ಬು ಹೊತ್ತಲಿಲ್ಲ. ಇನ್ನಷ್ಟು ಒತ್ತಿ ಹಿಡಿದೆ. ಹೊತ್ತಿದ್ದು ಗಿಟಾರು.

ಬೆಂಕಿಯೇನಲ್ಲ, ಊದುಬತ್ತಿಯಷ್ಟು ಹೊಗೆ. ಆದರೆ ಆ ವಾಸನೆ! ಸುಟ್ಟ ಕಾಯಿಲ್‌ನ ವಾಸನೆ ನನಗೆ ಇಪ್ಪತ್ತೈದು ವರ್ಷಗಳಿಂದ ಗಿರಾಕಿ ಬಂದ ವಾಸನೆ. ಆವತ್ತು ಮೊದಲ ಸಲ ಆ ವಾಸನೆ ಓಡಿಸಲು ಫ್ಯಾನು ಹಚ್ಚಿದೆ.

ಹೋಗಲಿ, ಸುಟ್ಟದ್ದನ್ನು ಸುತ್ತುವುದೇ ನನ್ನ ಕೆಲಸವಲ್ಲವೇ ಎಂದು ಧೈರ್ಯ ತಂದುಕೊಂಡೆ. ಹಳೆಯ ತಂತಿ ಬಿಚ್ಚುತ್ತ ಸುತ್ತು ಎಣಿಸುವುದು ಕ್ರಮ. ಫ್ಯಾನಿನದಾದರೆ ಕೆಲವು ನೂರರಲ್ಲಿ ಮುಗಿಯುತ್ತದೆ. ಇಲ್ಲಿ ಸಾವಿರ ದಾಟಿದರೂ ಕಾಯಿಲ್ ತುಂಬಿಕೊಂಡೇ ಇತ್ತು. ತಂತಿಯೋ, ಉಸಿರು ಬಿಟ್ಟರೆ ಹಾರುತ್ತಿತ್ತು, ಸೀನಿದರೆ ಹರಿಯುತ್ತಿತ್ತು. ನನ್ನ ಹತ್ತಿರವಿದ್ದ ಅತಿ ಸಣ್ಣ ತಂತಿಯನ್ನು ಅದರ ಪಕ್ಕದಲ್ಲಿಟ್ಟೆ. ಎಮ್ಮೆ ಕಟ್ಟುವ ಹಗ್ಗದ ಹಾಗೆ ಕಂಡಿತು. ಮುಚ್ಚಳ ಹಾಕಿ, ಸ್ಕ್ರೂ ಬಿಗಿದು, ಅರಿವೆಯಿಂದ ಒರೆಸಿ, ಗಿಟಾರನ್ನು ಮನೆಯಲ್ಲಿ ಮೊದಲಿನ ಜಾಗದಲ್ಲೇ ಇಟ್ಟೆ. ಯಾರಿಗೂ ಏನೂ ಹೇಳಕೂಡದೆಂಬ ಠರಾವು ಸರ್ವಾನುಮತದಿಂದ ಪಾಸಾಯಿತು.

ಊಟಕ್ಕೆ ಕೂತೆ. ರೊಟ್ಟಿ ಬಡಿಸಲು ಬಾಗಿದ ಹೆಂಡತಿ ಮಾಯವ್ವ ಅಲ್ಲೇ ನಿಂತಳು. ನನ್ನ ಭುಜದ ಮೇಲಿಂದ ಏನನ್ನೋ ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಮೊಳದುದ್ದ, ಕೆಂಪಗೆ ಹೊಳೆಯುತ್ತಿತ್ತು.

“ಏನ್ರಿ, ಇದ ಯಾರ ಕೂದಲ?”

ನಾನು ರೊಟ್ಟಿ ಮುರಿಯುವುದರಲ್ಲಿ ಮಗ್ನನಾದೆ.

“ನಮ್ಮನ್ಯಾಗ ಯಾರೂ ಮೆಹಂದಿ ಹಚ್ಚೂದಿಲ್ಲ” ಎನ್ನುತ್ತ ಅವಳು ತಪಾಸಣೆ ಮುಂದುವರಿಸಿದಳು. ಕಾಲರಿನ ಮೇಲೆ ಒಂದು ಸಿಕ್ಕಿತು. ಕಿಸೆಯಲ್ಲಿ ಎರಡು. “ಮೀಸ್ಯಾಗೂ ಐತಲ್ರಿ. ಹೇಳ್ರಿ, ಯಾರಕಿ?”

ಅದೇ ಹೊತ್ತಿಗೆ ಗೋಕಾಕಿನಿಂದ ಭಾಗ್ಯಾ ಬಂದಳು, ಕೈಯಲ್ಲಿ ಹೊಸ ತಂತಿಯ ಪೊಟ್ಟಣ, ಮುಖದ ತುಂಬ ನಗು. ನನ್ನ ಮುಂದೆ ಎರಡೇ ದಾರಿ ಇದ್ದವು. ಕೆಂಪು ಕೂದಲಿನ ಹೆಂಗಸೊಬ್ಬಳನ್ನು ಒಪ್ಪಿಕೊಳ್ಳುವುದು, ಇಲ್ಲವೇ ಖರೆ ಹೇಳುವುದು. ಮಗಳ ಮುಖ ನೋಡಿ, ಒಂದು ಕ್ಷಣ ಆ ಹೆಂಗಸೇ ಹಗುರ ಅನ್ನಿಸಿದಳು.

“ಅದು... ಗಿಟಾರಿಂದು” ಎಂದೆ.

ಎಲ್ಲ ಹೇಳಿದೆ. ಭಾಗ್ಯಾ ಹೊಸ್ತಿಲ ಹತ್ತಿರ ಹಾಗೇ ಕೂತಳು. ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡಿದಳು. ನನಗೆ ಸಂಕಟವಾಯಿತು. ಎರಡು ವರ್ಷದ ಅವಳ ಶ್ರಮವನ್ನು ನಾನು ಒಂದು ಬಲ್ಬು ಹಿಡಿದು ಸುಟ್ಟಿದ್ದೆ.

ಕೊನೆಗೆ ಕೇಳಿದಳು, “ಕುತ್ತಗಿ ಕಡೀದು? ಅದನ್ನೂ ಮುಟ್ಟಿಯೇನು?”

“ಇಲ್ಲವ್ವಾ. ಅದನ್ನ ನಾಳೆ ನೋಡಬೇಕಂತ ಬಿಟ್ಟಿದ್ದೆ.”

ಅವಳು ಎದ್ದು ಓಡಿದಳು. ಗಿಟಾರನ್ನು ಆಂಪ್ಲಿಫೈಯರಿಗೆ ಜೋಡಿಸಿ, ಸ್ವಿಚ್ಚು ಮೇಲೆ ಹಾಕಿ ತಂತಿ ಮೀಟಿದಳು. ದುಂಡಗಿನ, ತುಂಬಿದ ಸದ್ದು ಬಂತು. “ಇದೊಂದ ಸಾಕು” ಎಂದಳು. ನನ್ನ ಸೋಮಾರಿತನದಿಂದ ಮನೆಗೆ ಒಳ್ಳೆಯದಾದದ್ದು ಅದೊಂದೇ ಸಲ. ಮಾಯವ್ವ ಮಾತ್ರ ನನ್ನ ಮೈಮೇಲೆ ಸಿಕ್ಕ ಆ ಕೆಂಪು ಎಳೆಯನ್ನು ಉಗುರಿಂದ ಗೀರಿ, ತಾಮ್ರವೆಂದು ಖಾತ್ರಿಯಾದ ಮೇಲೆಯೇ ಎರಡನೇ ರೊಟ್ಟಿ ಹಾಕಿದಳು.

ಶನಿವಾರ ಗ್ಯಾದರಿಂಗಿನಲ್ಲಿ ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಟೆಸ್ಟರನ್ನು ತಾಯಿ-ಮಗಳು ಮನೆಯಲ್ಲೇ ಬಿಡಿಸಿದ್ದರು. ಭಾಗ್ಯಾ ಆ ಸೊಟ್ಟ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಬಾರಿಸಿದಳು. ಅದು ಬರೋಬರಿ ಕೂತಿತ್ತು. ನನ್ನ ಕಣ್ಣು ತುಂಬಿ ಬಂದವು, ಮರೆಮಾಚಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ನಾನೂ ಮಾಯವ್ವನೂ ವೇದಿಕೆಯ ಹಿಂದೆ ಹೋದೆವು. ಗಿಟಾರಿನ ಸ್ವಿಚ್ಚಿನ ಮಗ್ಗುಲಲ್ಲಿ ಭಾಗ್ಯಾ ಎರಡು ಸಣ್ಣ ಬಿಳಿ ಚೀಟಿ ಅಂಟಿಸಿದ್ದಳು. ಮೇಲಿನದರಲ್ಲಿ ‘ಗಿಟಾರ್’, ಕೆಳಗಿನದರಲ್ಲಿ ‘ಅಪ್ಪ’.

“ಇದೇನವ್ವಾ?” ಎಂದೆ.

“ಹಾಡ ಮುಗದ ಮ್ಯಾಲ ಸ್ವಿಚ್ ಅಪ್ಪಗ ಹಾಕತೇನಿ. ಆವಾಗ ಒಂದ ಸಪ್ಪಳ ಬರೂದಿಲ್ಲ ನೋಡು. ಪೂರಾ ಶಾಂತ.”

ಮಾಯವ್ವ ಆ ಸ್ವಿಚ್ಚನ್ನು ಮೇಲೆ ಕೆಳಗೆ ಮಾಡಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಇಂಥಾದೊಂದ ಮನ್ಯಾಗೂ ಹಚ್ಚಿಕೊಡವ್ವಾ” ಎಂದಳು.

ನಾನು ಒಂದು ಸಪ್ಪಳವನ್ನೂ ಮಾಡಲಿಲ್ಲ.